ನಲವತ್ತರಲ್ಲಿ ಹನ್ನೆರಡನೆಯದು

“ಅಮ್ಮಾ, ಇದರಲ್ಲಿ ನಿಮ್ಮದು ಯಾವುದು ಅಂತ ನೀವೇ ಗುರುತು ಹಿಡೀಬೇಕು,” ಎಂದು ಚಿತ್ರಗಳಿಗೆ ಕಟ್ಟು ಹಾಕುವ ಅಂಗಡಿಯವನು ನಗುತ್ತ ಮೇಜಿನ ಕಡೆ ಕೈ ತೋರಿಸಿದ.

ಪ್ರೂಫಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮನೆಯ ಗೋಡೆಯ ಮೇಲಿದ್ದ ಚಿತ್ರದ ಗಾಜು ಬಿರುಕು ಬಿಟ್ಟಿತ್ತೆಂದು ಎರಡು ದಿನದ ಹಿಂದೆ ಇಲ್ಲಿ ಬಿಟ್ಟುಹೋಗಿದ್ದರು. ಈಗ ಮೇಜಿನ ಮೇಲೆ ಅವರ ಚಿತ್ರವಿತ್ತು. ಅದರ ಪಕ್ಕದಲ್ಲೂ ಅವರ ಚಿತ್ರವಿತ್ತು. ಆಚೆಗೆ ಅಂಚು ಕೂಡಿಸಿ ಜೋಡಿಸಿಟ್ಟ ಕಾಗದದ ಕಂತೆಯಲ್ಲೂ ಅದೇ: ತಾರಸಿಗೆ ಹತ್ತುವ ಮೆಟ್ಟಿಲು, ಎರಡು ಕಂಬ, ನಡುವೆ ಬಟ್ಟೆ ಒಣಹಾಕುವ ಹಗ್ಗ, ಹಿಂದೆ ಮಸಿಗಪ್ಪು ಆಕಾಶ.

“ಇವೆಲ್ಲ ಎಲ್ಲಿಂದ ಬಂದ್ವಪ್ಪ?”

“ಆಸ್ಪತ್ರೆಯವರದು. ರೂಮಿಗೊಂದರಂತೆ ಮೂವತ್ತು. ಇದನ್ನ ಕೆತ್ತಿದ ಡ್ರಾಯಿಂಗ್ ಮೇಷ್ಟ್ರ ಮಗಳು ಹೊಸದಾಗಿ ಅಚ್ಚು ಹಾಕಿ ಕೊಟ್ಟಿದ್ದಾರೆ. ಮಲಗಿರೋರಿಗೆ ನೋಡೋಕೆ ಒಂದು ಚಿತ್ರ ಇರಲಿ ಅಂತ. ಒಳ್ಳೆ ಕೆಲಸ ಅಲ್ವಾ?”

ಪ್ರೂಫಕ್ಕ ತಮ್ಮದನ್ನು ತಿರುಗಿಸಿ ಹಿಂಬದಿ ನೋಡಿದರು. ಮೇಷ್ಟ್ರ ಪೆನ್ಸಿಲ್ ಬರಹ ಹದಿನೆಂಟು ವರ್ಷಗಳಲ್ಲಿ ಸ್ವಲ್ಪವೂ ಮಾಸಿರಲಿಲ್ಲ. “ನಲವತ್ತರಲ್ಲಿ ಹನ್ನೆರಡನೆಯದು. ನಲವತ್ತು ಮುಗಿದ ಮೇಲೆ ಈ ಚಿತ್ರ ಮತ್ತೆ ಬರುವುದಿಲ್ಲ.”

ಅವರು ಪತ್ರಿಕೆಯೊಂದರಲ್ಲಿ ನಲವತ್ತೊಂದು ವರ್ಷ ಕರಡು ತಿದ್ದಿದವರು. ‘ಪ್ರೂಫಕ್ಕ’ ಎಂಬ ಹೆಸರು ಅಲ್ಲಿ ಹತ್ತಿದ್ದು, ಆಮೇಲೆ ಬಿಡಲೇ ಇಲ್ಲ. ಅವರು ತಿದ್ದಿದ ಪುಟಗಳು ಲಕ್ಷಗಟ್ಟಲೆ ಅಚ್ಚಾಗುತ್ತಿದ್ದವು, ಮಾರನೆಯ ದಿನ ಅಂಗಡಿಗಳಲ್ಲಿ ಸಾಮಾನು ಕಟ್ಟಲು ಹೋಗುತ್ತಿದ್ದವು. ಅದರ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ, ಕೆಲಸವೇ ಹಾಗಿತ್ತು. ಆದರೆ ನಿವೃತ್ತರಾದ ವಾರ ಒಂದು ಪ್ರದರ್ಶನಕ್ಕೆ ಹೋದಾಗ, ನಲವತ್ತಕ್ಕೆ ನಿಂತುಬಿಡುವ ಅಚ್ಚೂ ಒಂದಿದೆ ಎಂದು ತಿಳಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅಂದು ಕೊಂಡದ್ದು ಇದು. ಆಮೇಲೆ ಬೇರೆಯವರ ಕೈಯ ಇನ್ನೂ ಆರು ಚಿತ್ರಗಳು ಗೋಡೆಗೆ ಬಂದವು, ಪ್ರತಿಯೊಂದರ ಮೂಲೆಯಲ್ಲೂ ಒಂದು ಸಂಖ್ಯೆ. ಆದರೂ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಈ ಖಾಲಿ ಹಗ್ಗವನ್ನೇ. ಮನೆಗೆಲಸವೆಲ್ಲ ಮುಗಿದ ಮೇಲಿನ ಹಗ್ಗ ಎಂದು ಅವರಿಗೆ ಅನಿಸುತ್ತಿತ್ತು.

“ಇದರಲ್ಲಿ ಒಂದನ್ನ ನಾಕು ದಿನ ಕೊಡ್ತೀಯಾ?”

ಅಂಗಡಿಯವನು ಅವರ ಮುಖ ನೋಡಿದ. “ತಗೊಂಡ್ಹೋಗಿ. ಇದಕ್ಕೆ ಕೊನೇಲಿ ಕಟ್ಟು ಹಾಕಿದರಾಯ್ತು,” ಎಂದು ಹೊಸ ಪ್ರತಿಯನ್ನು ಸುರುಳಿ ಸುತ್ತಿ, ಹೊಸ ಗಾಜು ಹಾಕಿದ ಚಿತ್ರವನ್ನು ತಾನೇ ಬಸ್ ನಿಲ್ದಾಣದವರೆಗೂ ಹೊತ್ತು ತಂದ.

ಆ ಸಂಜೆಯೇ ಪ್ರೂಫಕ್ಕ ತಮ್ಮ ಹಳೆಯ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದರು. ಮಾತು ಕೊಟ್ಟು ಮುರಿಯುವ ಕಲಾವಿದರ ಬಗ್ಗೆ, ನಂಬಿ ಕೊಂಡವರ ಬಗ್ಗೆ. ಒಂದೂವರೆ ಪುಟವಾಯಿತು. ಕೆಳಗಿನ ಮನೆಯಲ್ಲಿದ್ದ ತಮ್ಮನನ್ನು ಕರೆದು ಓದಿ ಹೇಳಿದರು. ಅವನು ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವನು.

“ಖಾರವಾಗಿದೆ ಅಕ್ಕ. ಮೇಷ್ಟ್ರು ಊರಲ್ಲಿ ತಲೆ ಎತ್ತಿಕೊಂಡು ಓಡಾಡೋ ಹಾಗಿಲ್ಲ.”

“ಖಾರ ಇರಲಿ. ತಪ್ಪು ಇರಬಾರದು. ಅದೇ ಅಚ್ಚಿನಿಂದ ತೆಗೆದದ್ದು ಅಂತ ಬರೆದಿದ್ದೀನಿ. ಅದೇ ಹೌದೋ ಅಲ್ವೋ ನೋಡಬೇಕಲ್ಲ? ಕೂತ್ಕೋ. ನೀನು ಓದು, ನಾನು ನೋಡ್ತೀನಿ.”

ಕರಡು ತಿದ್ದುವ ಹಳೆಯ ಪದ್ಧತಿ ಅದು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತಮ್ಮೆದುರಿನ ಹಾಳೆಯ ಮೇಲೆ ಬೆರಳಿಟ್ಟು ಕೇಳುತ್ತ ಹೋಗಬೇಕು. ಒಬ್ಬರೇ ಎರಡನ್ನೂ ನೋಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಳ್ಳುತ್ತದೆ.

“ಚಿತ್ರನ ಓದೋದು ಹೇಗಕ್ಕ?”

“ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ. ಕಂಡಿದ್ದು ಹೇಳು, ಕಾಣದ್ದು ಸೇರಿಸಬೇಡ.”

ಅವನು ಹೊಸ ಪ್ರತಿಯ ನಾಲ್ಕು ಮೂಲೆಗೂ ಲೋಟ ಇಟ್ಟು ಗಂಟಲು ಸರಿಮಾಡಿಕೊಂಡ. ಪ್ರೂಫಕ್ಕ ತಮ್ಮ ಹಳೆಯದರ ಮೇಲೆ ಭೂತಗನ್ನಡಿ ಹಿಡಿದರು.

“ಆಕಾಶ. ಕಪ್ಪು.”

“ಹೂಂ.”

“ಎಡಗಡೆ ಕಂಬ. ಅದರ ತಲೆ ಮೇಲೊಂದು ಮೊಳೆ.”

“ಮೊಳೆ ಇದೆ. ಮುಂದೆ.”

“ಮೊಳೆಯಿಂದ ಹಗ್ಗ ಹೊರಟಿದೆ. ಕ್ಲಿಪ್ಪು ಒಂದು, ಎರಡು, ಮೂರು, ನಾಕು, ಐದು. ಅಂಗಿ ಒಂದು. ಬಲಗಡೆ ಕಂಬ.”

“ತಡಿ. ಐದನೇ ಕ್ಲಿಪ್ಪು ಆದ್ಮೇಲೆ ಏನಂದೆ?”

“ಅಂಗಿ.”

“ಅಂಗಿ ಇಲ್ಲ ಕಣೋ.”

“ಇದೆ ಅಕ್ಕ.”

“ಕಾಣದ್ದು ಸೇರಿಸಬೇಡ ಅಂದೆ ತಾನೆ?”

“ಸೀಟಲ್ಲಿ ಆಸಾಮಿ ಇದ್ದಾನೋ ಇಲ್ವೋ ನೋಡೋದೇ ನನ್ನ ಕೆಲಸ ಆಗಿತ್ತು. ಐದನೇ ಕ್ಲಿಪ್ಪಿಗೆ ಅಂಗಿ ನೇತಾಡ್ತಿದೆ. ಅರ್ಧ ತೋಳಿಂದು. ಬಂದು ನೋಡು ಬೇಕಾದ್ರೆ.”

ಪ್ರೂಫಕ್ಕ ಎದ್ದು ಬಂದು ನೋಡಿದರು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಬಿಳಿಯ ಅಂಗಿ, ಗಾಳಿಗೆ ಸ್ವಲ್ಪ ಓರೆಯಾಗಿ ತೂಗುತ್ತಿತ್ತು. ಒಂದು ಕೊಂಬನ್ನೂ ಒಂದು ಸೊನ್ನೆಯನ್ನೂ ತಪ್ಪಿಸಿಕೊಳ್ಳಲು ಬಿಡದ ಕಣ್ಣಿಗೆ ಅಂಗಡಿಯಲ್ಲಿ ಒಂದು ಇಡೀ ಅಂಗಿ ಕಂಡಿರಲಿಲ್ಲ. ಸಿಟ್ಟು ಬಂದಿತ್ತಲ್ಲ, ಅದಕ್ಕೆ.

ಉಳಿದದ್ದನ್ನೂ ಓದಿ ಮುಗಿಸಿದರು. ಮೆಟ್ಟಿಲು ಹನ್ನೊಂದು, ಎರಡರಲ್ಲೂ ಹನ್ನೊಂದು. ಕೆಳಗಿನ ಮೂಲೆಯಲ್ಲಿ ಮರ ಸೀಳಿದ ಕೂದಲೆಳೆಯಂಥ ಗೆರೆ, ಎರಡರಲ್ಲೂ ಒಂದೇ ಅಳತೆ. ಅಚ್ಚು ಅದೇ, ಅನುಮಾನವಿರಲಿಲ್ಲ. ಅಂಗಿ ಮಾತ್ರ ಹೊಸದು. ಮರದ ಅಚ್ಚಿನಲ್ಲಿ ಬಿಳಿ ಎಂದರೆ ಕೆತ್ತಿ ತೆಗೆದ ಜಾಗ. ಕೆತ್ತಿದ್ದನ್ನು ಮತ್ತೆ ತುಂಬಲಾಗದು. ಹಾಗಾದರೆ ನಲವತ್ತು ಮುಗಿದ ಮೇಲೆ ಯಾರೋ ಉಳಿ ಹಿಡಿದು ಕೂತು ಒಂದು ಅಂಗಿ ಒಣಹಾಕಿದ್ದಾರೆ. ಯಾರು? ಯಾಕೆ?

ಪ್ರೂಫಕ್ಕ ಪತ್ರವನ್ನು ಎಳೆದುಕೊಂಡು, ಮೂರನೆಯ ಸಾಲಿನ ‘ಅದೇ ಚಿತ್ರವನ್ನು’ ಎಂಬುದರ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದರು.

ಬೆಳಿಗ್ಗೆ ಅವರು ಹೊಸ ಪ್ರತಿಯ ಸುರುಳಿ ಹಿಡಿದು ಹೊರಟಾಗ ಬಾಗಿಲಲ್ಲಿ ತಮ್ಮ ನಿಂತಿದ್ದ. “ಜಗಳ ಆಡೋಕೆ ಹೋಗ್ತಿದ್ದೀಯೋ, ಕೇಳೋಕೆ ಹೋಗ್ತಿದ್ದೀಯೋ?”

“ಕೇಳೋಕೆ. ಜಗಳ ಬ್ಯಾಗಲ್ಲಿದೆ.”

ಡ್ರಾಯಿಂಗ್ ಮೇಷ್ಟ್ರ ಮನೆಯ ಮುಂದಿನ ಕೋಣೆಯೇ ಅಚ್ಚುಕೂಟ. ಮಗಳು ಗಾಜಿನ ಹಲಗೆಯ ಮೇಲೆ ರೋಲರಿನಿಂದ ಮಸಿ ಹರಡುತ್ತಿದ್ದಳು. ಬಂದವರನ್ನು ಕಂಡು, ಅವರ ಬಟ್ಟೆಗೆ ಮಸಿ ತಾಗದಿರಲೆಂದು ಕುರ್ಚಿಯ ಮೇಲೆ ದಿನಪತ್ರಿಕೆಯೊಂದನ್ನು ಹಾಸಿದಳು. ಪ್ರೂಫಕ್ಕ ಕೂರುವ ಮೊದಲು ಅದರ ಎರಡನೆಯ ಕಾಲಮಿನಲ್ಲಿ ಒಂದು ತಪ್ಪು ನೋಡಿ, ಅದರ ಮೇಲೆಯೇ ಕೂತರು. ಮೇಷ್ಟ್ರು ಕಿಟಕಿಯ ಹತ್ತಿರ ಇದ್ದರು. ನಡುಗುವ ಬಲಗೈಯನ್ನು ಎಡಗೈ ಹಿಡಿದುಕೊಂಡಿತ್ತು. ಬಂದವರ ಮುಖ ಅವರಿಗೆ ನೆನಪಾಗಲಿಲ್ಲ.

“ನಾನು ಹನ್ನೆರಡನೇ ನಂಬರು,” ಎಂದರು ಪ್ರೂಫಕ್ಕ.

“ಓಹೋ! ಮಸಿ ಚೆನ್ನಾಗಿ ಹಿಡಿದ ಪ್ರತಿ ಅದು. ನಂಗೆ ನೆನಪಿದೆ.”

“ಐದನೇ ಕ್ಲಿಪ್ಪಿಗೆ ಅಂಗಿ ಬಂದದ್ದು ಹೇಗೆ ಮೇಷ್ಟ್ರೇ?”

ಮಗಳ ಕೈಯ ರೋಲರು ನಿಂತಿತು. ಮೇಷ್ಟ್ರು ಹುಡುಗನ ಹಾಗೆ ನಕ್ಕರು. “ನೋಡಿಬಿಟ್ರಾ?”

ಅವರು ಹೇಳಿದ್ದು ಇಷ್ಟು. ಲೆಕ್ಕದಷ್ಟು ಪ್ರತಿ ತೆಗೆದಾದ ಮೇಲೆ ಅಚ್ಚಿನ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಕೆತ್ತುವುದು ಈ ಕೆಲಸದವರ ಪದ್ಧತಿ. ಮತ್ತೆ ಯಾರೂ ಅದನ್ನು ಬಳಸಬಾರದೆಂದು. “ನಾನೂ ಉಳಿ ಹಿಡಿದು ಕೂತೆ. ಎಂಟು ತಿಂಗಳು ಕೆತ್ತಿದ ಮರ ಕಣಮ್ಮ. ಗೀಚೋಕೆ ಕೈ ಬರಲಿಲ್ಲ. ಆಗ ಇವಳು ಬಂದಳು...”

“ಬರದೆ ಏನು ಮಾಡ್ಲಿ?” ಒಳಗಿನಿಂದ ಮೇಷ್ಟ್ರ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ ಹಿಡಿದುಕೊಂಡೇ ಬಂದರು. “ನನ್ನ ಹಗ್ಗ ಖಾಲಿ ಅಂತ ನಲವತ್ತು ಮನೆಗೆ ಸಾರಿಬಿಟ್ರು ಇವರು. ದಿನಾ ಒಗೆದೂ ಒಗೆದೂ ಬೆನ್ನು ಬಿದ್ದುಹೋಗಿತ್ತು ನಂದು! ಮರ ಹಾಳು ಮಾಡಲೇಬೇಕು ಅಂತಿದ್ರೆ ಒಂದು ಬಟ್ಟೆನಾದ್ರೂ ಒಣಹಾಕ್ರೀ ಅಂದೆ.”

“ಯೋಚನೆ ಮಾಡಿದೆ,” ಎಂದರು ಮೇಷ್ಟ್ರು. “ಗೀಟು ಹಾಕಿದ್ರೂ ಅಷ್ಟೇ, ಅಂಗಿ ಹಾಕಿದ್ರೂ ಅಷ್ಟೇ. ಖಾಲಿ ಹಗ್ಗ ಇನ್ನು ಬರೋದಿಲ್ಲ. ನನ್ನ ಹತ್ತಿರವೂ ಒಂದು ಉಳಿದಿಲ್ಲ.”

“ಯಾರಿಗೂ ಹೇಳಲಿಲ್ಲ ನೀವು.”

“ಯಾರೂ ಕೇಳಲಿಲ್ಲ.” ಅವರು ತಮ್ಮ ಕೈಗಳನ್ನು ನೋಡಿಕೊಂಡರು. “ಆದರೂ ಆಸ್ಪತ್ರೆಯವರು ಕೇಳಿದಾಗ ಅಳುಕಿತ್ತು. ಮಾತು ಉಳಿಸಿಕೊಂಡೆನೋ, ಮಾತಿಗೆ ಸಂದಿ ಹುಡುಕಿದೆನೋ ಅಂತ. ಅದನ್ನ ಹೇಳಬೇಕಾದೋರು ಆ ನಲವತ್ತು ಜನ. ಬಂದೋರು ನೀವೊಬ್ಬರೇ. ತಪ್ಪು ಅಂದ್ರೆ ಹೇಳಿಬಿಡಿ, ಮೂವತ್ತನ್ನೂ ವಾಪಸ್ ತರಿಸ್ತೀನಿ.”

ಮಗಳು ತಲೆ ಎತ್ತದೆ ನಿಂತಿದ್ದಳು. ಪ್ರೂಫಕ್ಕನ ಕೈ ತೊಡೆಯ ಮೇಲಿನ ಬ್ಯಾಗಿನ ಬಾಯಿ ತೆರೆಯಿತು, ಹಾಗೆಯೇ ನಿಂತಿತು. ಕೇಳಬೇಕಾದದ್ದು ಇನ್ನೂ ಒಂದು ಇತ್ತು.

“ಆ ಹಗ್ಗ ಈಗಲೂ ಇದೆಯಾ? ನೋಡಬಹುದಾ?”

“ಬನ್ನಿ, ಬನ್ನಿ. ನಾನೂ ಅಲ್ಲಿಗೇ ಹೊರಟಿದ್ದೆ,” ಎಂದು ಮೇಷ್ಟ್ರ ಹೆಂಡತಿ ಮುಂದಾದರು.

ಹಿತ್ತಲಿನ ಮೆಟ್ಟಿಲು ಕಂಡೊಡನೆ ಗುರುತು ಸಿಕ್ಕಿತು. ಚಿತ್ರದಲ್ಲಿ ಎಡಕ್ಕೆ ಹತ್ತುತ್ತಿದ್ದ ಮೆಟ್ಟಿಲು ಇಲ್ಲಿ ಬಲಕ್ಕೆ ಹತ್ತುತ್ತಿತ್ತು. ಅಚ್ಚಿನಲ್ಲಿ ಎಲ್ಲವೂ ತಿರುಗಿ ಬೀಳುತ್ತದಲ್ಲ. ಪ್ರೂಫಕ್ಕ ಬಕೆಟ್ಟಿಗೆ ಒಂದು ಕೈ ಕೊಟ್ಟರು. ಇಬ್ಬರೂ ನಿಧಾನವಾಗಿ, ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು.

“ಹನ್ನೆರಡು,” ಎಂದರು ಪ್ರೂಫಕ್ಕ, ಮೇಲೆ ತಲುಪಿ ಉಸಿರು ಬಿಡುತ್ತ. “ಚಿತ್ರದಲ್ಲಿ ಹನ್ನೊಂದೇ ಇದೆ.”

ಮೇಷ್ಟ್ರ ಹೆಂಡತಿ ಗೋಡೆಯಾಚೆ ಬಗ್ಗಿ ಕೂಗಿದರು. “ಕೇಳಿಸ್ತೇನ್ರೀ? ಒಂದು ಮೆಟ್ಟಿಲನ್ನೂ ನುಂಗಿದ್ದೀರಂತೆ!”

ಕೆಳಗಿನಿಂದ ಗಟ್ಟಿಯಾದ ನಗೆ ಬಂತು. “ಎಣಿಸಿಬಿಟ್ರಾ? ಹದಿನೆಂಟು ವರ್ಷದಲ್ಲಿ ಯಾರೂ ಎಣಿಸಿರಲಿಲ್ಲ!”

ಹಗ್ಗ ಈಗ ಪ್ಲಾಸ್ಟಿಕ್ಕಿನದು. ಕಂಬದ ತಲೆಯ ಮೇಲೆ ಮಾತ್ರ ಅದೇ ಮೊಳೆ. ದೊಡ್ಡ ಹಾಸಿಗೆ ಹೊದಿಕೆಯ ಒಂದು ತುದಿಯನ್ನು ಪ್ರೂಫಕ್ಕ ಹಿಡಿದರು, ಇನ್ನೊಂದನ್ನು ಮೇಷ್ಟ್ರ ಹೆಂಡತಿ ಹಿಡಿದು ಕೊಡವಿದರು. ಹಗ್ಗಕ್ಕೆ ಹಾಕಿದಾಗ ಅದರ ನೀರೆಲ್ಲ ಪ್ರೂಫಕ್ಕ ಕೆಳಗಿಟ್ಟಿದ್ದ, ಬಾಯಿ ತೆರೆದುಕೊಂಡೇ ಇದ್ದ ಬ್ಯಾಗಿನೊಳಗೆ ತೊಟ್ಟಿಕ್ಕಿತು.

“ಅಯ್ಯೋ, ನಿಮ್ಮ ಕಾಗದ!” ಮೇಷ್ಟ್ರ ಹೆಂಡತಿ ಬಗ್ಗಿ ಲಕೋಟೆಯನ್ನು ತೆಗೆದು, ಒಳಗಿನ ಎರಡು ಹಾಳೆಗಳನ್ನು ಮೆತ್ತಗೆ ಬಿಡಿಸಿದರು. ಒಂದಕ್ಷರವನ್ನೂ ಓದಲಿಲ್ಲ. ಮಗುವಿನ ಕಾಲುಚೀಲ ಒಣಹಾಕುವ ಹಾಗೆ ಎರಡನ್ನೂ ಒಂದೇ ಕ್ಲಿಪ್ಪಿಗೆ ಸಿಕ್ಕಿಸಿದರು. ನೀಲಿ ಶಾಯಿ ಆಗಲೇ ಕೆಳಗೆ ಇಳಿಯುತ್ತಿತ್ತು.

“ಮುಖ್ಯವಾದದ್ದಾ?”

“ಇಲ್ಲ. ಮೂರನೇ ಸಾಲಲ್ಲೇ ತಪ್ಪಿತ್ತು.”

“ಅರ್ಧ ಗಂಟೇಲಿ ಒಣಗುತ್ತೆ. ಚಹಾ ಮಾಡ್ತೀನಿ, ಕೂತ್ಕೊಳ್ಳಿ.”

“ಚಹಾ ಕುಡೀತೀನಿ. ಅದು ಅಲ್ಲೇ ಇರಲಿ.”

ಚಹಾ ಕುಡಿದು ಅವರು ಬೀದಿಗೆ ಇಳಿದಾಗ ಬಿಸಿಲು ಏರಿತ್ತು. ಕಂಕುಳಲ್ಲಿ ಸುರುಳಿ ಸುತ್ತಿದ ಹೊಸ ಪ್ರತಿಯಿತ್ತು. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಅದನ್ನು ಕಟ್ಟು ಹಾಕುವವನಿಗೆ ತಲುಪಿಸಬೇಕಿತ್ತು, ಇಪ್ಪತ್ತೊಂಬತ್ತಕ್ಕೆ ಅವನ ಕೆಲಸ ನಿಲ್ಲಬಾರದು, ಮೂವತ್ತೂ ಆಸ್ಪತ್ರೆಗೆ ಹೋಗಬೇಕು. ಬೀದಿಯ ತಿರುವಿನಲ್ಲಿ ಪ್ರೂಫಕ್ಕ ಒಮ್ಮೆ ನಿಂತು ಹಿಂದಿರುಗಿ ನೋಡಿದರು. ತಾರಸಿಯ ಮೇಲೆ ಹೊದಿಕೆ ಗಾಳಿಗೆ ಉಬ್ಬಿತ್ತು. ಅದರ ಪಕ್ಕದಲ್ಲಿ, ಹಗ್ಗದ ತುದಿಗೆ, ಬೆಳ್ಳಗೆ ಚಿಕ್ಕದೊಂದು ಆಡುತ್ತಿತ್ತು. ಅಷ್ಟು ದೂರಕ್ಕೆ ಅದು ಕಾಗದವೋ ಅಂಗಿಯೋ ಹೇಳುವ ಹಾಗಿರಲಿಲ್ಲ.