ಬೆಚ್ಚಗಿದ್ದ ಬಾನೆಟ್

ಬಾನೆಟ್ ಮೇಲೆ ಕೈ ಇಟ್ಟ ಕೂಡಲೇ ಇಲ್ಮಿಗೆ ಗೊತ್ತಾಗಿಹೋಯಿತು, ಮುದುಕಿ ಮಾತು ತಪ್ಪಿದ್ದಾಳೆ. ಹೊರಗೆ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಕೈಗವಸು ತೆಗೆದ ಅಂಗೈಯನ್ನು ತಗಡು ಕಚ್ಚಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಮಲಗಿದ ಹಸುವಿನ ಮೈ ಮುಟ್ಟಿದ ಹಾಗೆ ಬೆಚ್ಚಗಿತ್ತು.

ಫೋನಿನಲ್ಲಿ ಅವಳು ಬಿಡಿಸಿ ಬಿಡಿಸಿ ಹೇಳಿದ್ದಳು. ಶನಿವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ದಯವಿಟ್ಟು ಎಂಜಿನ್ ಬಿಸಿ ಮಾಡುವ ವೈರನ್ನು ಕರೆಂಟಿಗೆ ಚುಚ್ಚಬೇಡಿ, ಕಾರು ರಾತ್ರಿಯೆಲ್ಲ ಅಂಗಳದಲ್ಲಿ ತಣ್ಣಗೇ ನಿಂತಿರಲಿ, ತಣ್ಣಗಿದ್ದಾಗ ಎಂಜಿನ್ ಹೇಗೆ ಹಿಡಿಯುತ್ತದೆ ಅಂತ ನೋಡಬೇಕು. ಆ ಕಡೆಯಿಂದ ತುಂಬ ಹೊತ್ತು ಸದ್ದೇ ಇರಲಿಲ್ಲ. ಲೈನು ಕಡಿದುಹೋಯಿತೋ ಏನೋ ಅಂದುಕೊಳ್ಳುವಷ್ಟರಲ್ಲಿ, ಬಸ್ಸಿಳಿದರೆ ಎದುರಿಗೇ ಮನೆ, ಕಾಫಿ ಇಟ್ಟಿರುತ್ತೇನೆ ಅಂತ ಹೇಳಿ ಮುದುಕಿ ಲೆಂಪಿ ಫೋನಿಟ್ಟಿದ್ದಳು. ಈಗ ನೋಡಿದರೆ ಕಾರಿನ ಮೂತಿಯಿಂದ ಹೊರಟ ಕಪ್ಪು ವೈರು ಹಿಮದ ಮೇಲೆ ಹಾವಿನಂತೆ ಹರಿದು ಅಂಗಳದ ಕಂಬಕ್ಕೆ ಹತ್ತಿತ್ತು. ಮುಚ್ಚಿಡುವ ಪ್ರಯತ್ನವನ್ನೂ ಯಾರೂ ಮಾಡಿರಲಿಲ್ಲ.

ಇಲ್ಮಿ ದಕ್ಷಿಣದ ಕರಾವಳಿಯ ತುರ್ಕು ನಗರದವಳು. ಅಕ್ಟೋಬರಿನಲ್ಲಿ ದೂರದ ಉತ್ತರದ ಪುಟ್ಟ ಪೇಟೆ ಕೆಮಿಯಾರ್ವಿಗೆ ಬಂದಿದ್ದಳು, ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಾಗಿ. ಆಸ್ಪತ್ರೆಯ ವಾರ್ಡಿನಲ್ಲಿ ಏಳು ವರ್ಷ ಕಳೆದ ಮೇಲೆ ಅವಳಿಗೆ ಮಾತು ಸಾಕಾಗಿತ್ತು. ಇಲ್ಲಿ ಹಳ್ಳಿಯ ಮುದುಕರ ಅಡುಗೆಮನೆಗಳಲ್ಲಿ ಗಡಿಯಾರದ ಸದ್ದು ಕೇಳಿಸುತ್ತಿತ್ತು. ರಕ್ತದೊತ್ತಡ ನೋಡುವಾಗ ಯಾರೂ ಹವಾಮಾನದ ಬಗ್ಗೆ ಸುಮ್ಮಸುಮ್ಮನೆ ಮಾತಾಡುತ್ತಿರಲಿಲ್ಲ. ಮೂರು ತಿಂಗಳಲ್ಲೇ ಇದು ತನ್ನ ಊರು ಅಂತ ಅವಳಿಗೆ ಅನಿಸಿಬಿಟ್ಟಿತ್ತು. ಹಾಗೆ ಅನಿಸುತ್ತದೆ ಅಂತ ಅವಳು ಯಾರಿಗೂ ಹೇಳಿರಲಿಲ್ಲ.

ಇಲ್ಲಿಯವರೆಗೆ ಜೊತೆಯ ನರ್ಸಿನ ಕಾರಿನಲ್ಲೇ ಓಡಾಟ. ಈಗ ಆ ನರ್ಸಿಗೆ ಹೆರಿಗೆ ರಜೆ ಶುರುವಾಯಿತು. ಮೇಲಧಿಕಾರಿ ಇಲ್ಮಿಯನ್ನು ಕರೆದು ನೇರವಾಗಿ ಹೇಳಿದ್ದರು: ಸೋಮವಾರದಿಂದ ಸ್ವಂತ ಕಾರಿದ್ದರೆ ಉತ್ತರದ ಹಳ್ಳಿಗಳು ನಿನಗೆ, ಕೆಲಸವೂ ಕಾಯಂ. ಇಲ್ಲದಿದ್ದರೆ ಇನ್ನೊಬ್ಬರು ಕಾಯುತ್ತಿದ್ದಾರೆ, ತಿಂಗಳ ಕೊನೆಗೆ ನಿನ್ನ ಕರಾರು ಮುಗಿಯುತ್ತದೆ. ಹಾಗಾಗಿ ಇವತ್ತೇ ಕಾರು ಕೊಳ್ಳಬೇಕಿತ್ತು. ಕೊಂಡದ್ದು ನಡುದಾರಿಯಲ್ಲಿ ಕೈಕೊಡುವ ಕಾರಾಗಿರಬಾರದು. ಆ ರಸ್ತೆಗಳಲ್ಲಿ ಒಂದು ಗಂಟೆ ನಿಂತರೂ ಇನ್ನೊಂದು ಗಾಡಿ ಬರುವುದಿಲ್ಲ.

ಕಾರಿನ ಬಗ್ಗೆ ಅವಳಿಗೆ ಗೊತ್ತಿದ್ದದ್ದೆಲ್ಲ ತುರ್ಕುವಿನ ಗ್ಯಾರೇಜೊಂದರಲ್ಲಿ ದುಡಿಯುವ ಅಣ್ಣ ಓಸ್ಕು ಹೇಳಿಕೊಟ್ಟದ್ದು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವನು ಮೂರು ಸಲ ಹೇಳಿದ್ದ: "ಹೋದ ತಕ್ಷಣ ಬಾನೆಟ್ ಮುಟ್ಟು. ಬೆಚ್ಚಗಿದ್ರೆ ನೀನು ಬರೋ ಮುಂಚೆ ಬಿಸಿ ಮಾಡಿಟ್ಟಿದ್ದಾರೆ ಅಂತ ಅರ್ಥ. ಏನೋ ಮುಚ್ಚಿಡ್ತಿದ್ದಾರೆ. ಮಾತೇ ಆಡಬೇಡ, ವಾಪಸ್ ಬಾ."

ಶುಕ್ರವಾರ ಪೇಟೆಯ ಮಾರಾಟಗಾರನ ಹತ್ತಿರ ನೋಡಿದ ಬೂದು ಬಣ್ಣದ ಕಾರು ಆ ಪರೀಕ್ಷೆಯಲ್ಲಿ ಪಾಸಾಗಿತ್ತು. ಬಾನೆಟ್ ಹಿಮಗಡ್ಡೆಯಂತಿತ್ತು, ಕೀ ತಿರುಗಿಸಿದ ಕೂಡಲೇ ಎಂಜಿನ್ ಎದ್ದಿತ್ತು. ಹೊಳೆಯುವ ಬಣ್ಣ, ಗೀರಿಲ್ಲದ ಗಾಜು, ಅಡಿಭಾಗಕ್ಕೆಲ್ಲ ಹೊಸದಾಗಿ ಬಳಿದ ಕಪ್ಪು ಲೇಪ. ಮಾರಾಟಗಾರ ಒಂದೇ ಉಸಿರಿಗೆ ಅದರ ಗುಣಗಾನ ಮಾಡಿದ್ದ. ಅವನೂ ದಕ್ಷಿಣದವನೇ ಇರಬೇಕು. ಶನಿವಾರ ಸಂಜೆ ನಾಲ್ಕರವರೆಗೆ ಬೇರೆಯವರಿಗೆ ಕೊಡುವುದಿಲ್ಲ ಅಂತ ಮಾತು ಕೊಟ್ಟಿದ್ದ.

ಲೆಂಪಿಯ ಕೆಂಪು ಕಾರನ್ನು ಹೊಗಳುವವರು ಯಾರೂ ಇರಲಿಲ್ಲ. ಅವಳೇ ಹೊಗಳಲಿಲ್ಲ. ಎಪ್ಪತ್ತಾರು ವರ್ಷದ ಮುದುಕಿ, ಗಂಡಸರ ಕೋಟು, ಮೊಣಕಾಲಿನವರೆಗೆ ಬೂಟು. ಕತ್ತು ಸೆಟೆದು ಹೋಗಿದ್ದರಿಂದ ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಮುಂದಿನ ಗಾಜಿಗೆ ಕಲ್ಲು ಬಡಿದು ನಕ್ಷತ್ರ ಮೂಡಿದೆ, ಹಿಂದಿನ ಎಡಬಾಗಿಲು ಒಳಗಿನಿಂದ ಮಾತ್ರ ತೆಗೆಯಲು ಬರುತ್ತದೆ, ರೇಡಿಯೋದಲ್ಲಿ ಒಂದೇ ಸ್ಟೇಷನ್, ಅದರಲ್ಲೂ ಬರೀ ಪ್ರಾರ್ಥನೆ ಅಂತ ಒಂದೊಂದಾಗಿ ತೋರಿಸಿ, ಕೈಕಟ್ಟಿ ನಿಂತಳು. ಇಷ್ಟೇ. ಒಳ್ಳೆಯದೇನಾದರೂ ಇದೆಯೇ ಅಂತ ಇಲ್ಮಿ ಕಾದಳು. ಲೆಂಪಿಯೂ ಕಾದಳು. ಹಿಮ ಹೊತ್ತ ಭೂರ್ಜ ಮರದಿಂದ ಒಂದು ಮುಷ್ಟಿ ಹಿಮ ಸದ್ದಿಲ್ಲದೆ ಉದುರಿತು.

ಯೋಚನೆ ಮಾಡಿ ಹೇಳುತ್ತೇನೆ ಅಂದಳು ಇಲ್ಮಿ. ಬೇಡ ಅನ್ನುವುದನ್ನು ಮರ್ಯಾದೆಯಿಂದ ಹೇಳುವ ರೀತಿ ಅದು, ಅಷ್ಟು ಇಬ್ಬರಿಗೂ ಗೊತ್ತಿತ್ತು. ಯಾಕೆ ಅಂತ ಲೆಂಪಿ ಕೇಳಲಿಲ್ಲ. ಬೇಡ ಅಂದವರನ್ನು ಕಾರಣ ಕೇಳುವುದು, ಬೇಕು ಅನ್ನಿಸಲು ನೋಡುವುದು, ಎರಡೂ ಈ ಕಡೆಯವರಿಗೆ ಭಿಕ್ಷೆ ಬೇಡಿದಷ್ಟೇ ನಾಚಿಕೆಯ ಕೆಲಸ. ಸರಿ ಅನ್ನುವಂತೆ ಇಡೀ ಮೈಯನ್ನು ಒಮ್ಮೆ ಬಾಗಿಸಿ ಒಳಗೆ ಹೋದಳು.

ಬಸ್ ನಿಲ್ದಾಣದ ಮರದ ಗೂಡಿನಲ್ಲಿ ನಿಂತ ಮೇಲೆಯೇ ಇಲ್ಮಿಗೆ ಹೊಳೆದದ್ದು: ವಾಪಸ್ ಹೋಗುವ ಬಸ್ಸಿರುವುದು ಎರಡು ಗಂಟೆಗೆ. ಈಗ ಹತ್ತೂವರೆ. ಸಾರಿವಾರ ಅನ್ನುವ ಈ ಹಳ್ಳಿಯಲ್ಲಿ ಅಂಗಡಿಯಿಲ್ಲ, ಹೋಟೆಲಿಲ್ಲ, ಗುರುತಿನವರಿಲ್ಲ. ಅಷ್ಟು ಗಂಭೀರವಾಗಿ ಹೊರಟು ಬಂದವಳು ಈಗ ಯಾವ ಮುಖ ಹೊತ್ತು ವಾಪಸ್ ಹೋಗುವುದು? ಚಳಿ ತಡೆಯಲು ನಿಂತಲ್ಲೇ ಕುಣಿದಳು. ರೆಪ್ಪೆಗಳಿಗೆ ಹಿಮ ಕಟ್ಟಿತು. ಎದುರಿನ ಅಡುಗೆಮನೆಯ ಕಿಟಕಿಯಲ್ಲಿ ಲೆಂಪಿಯ ಇಡೀ ಮೈ ಒಮ್ಮೆ ಈ ಕಡೆ ತಿರುಗಿತು, ಒಮ್ಮೆ ಆ ಕಡೆ ತಿರುಗಿತು. ಹತ್ತು ನಿಮಿಷ ಅವಳೂ ಇವಳ ಮಾನ ಕಾಯ್ದಳು. ಹನ್ನೊಂದನೇ ನಿಮಿಷಕ್ಕೆ ಬಾಗಿಲು ತೆರೆಯಿತು.

"ಏ ಹುಡುಗಿ, ಕಾರು ಬೇಡ ಅಂದ್ರೆ ಬೇಡ. ಕಾಫಿ ಏನು ತಪ್ಪು ಮಾಡಿದೆ?"

ಒಳಗೆ ಸೌದೆ ಒಲೆ ಉರಿಯುತ್ತಿತ್ತು. ಲೆಂಪಿ ಈ ಕಡೆಯ ರೂಢಿಯಂತೆ ಲೋಟದ ತಳಕ್ಕೆ ಸುಟ್ಟ ಗಿಣ್ಣಿನ ತುಂಡುಗಳನ್ನು ಹಾಕಿ ಮೇಲೆ ಕಾಫಿ ಸುರಿದಳು, ಏಲಕ್ಕಿ ಬನ್ನಿನ ತಟ್ಟೆ ಮುಂದೆ ತಳ್ಳಿದಳು. ಇಬ್ಬರೂ ಮಾತಿಲ್ಲದೆ ಕುಡಿದರು. ಇಲ್ಮಿಗೆ ಪ್ರಿಯವಾದ ಮೌನವೇ ಅದು, ಆದರೆ ಇವತ್ತು ಅದರೊಳಗೆ ಕೂತಿರುವುದು ಕಷ್ಟವಾಯಿತು. ಬನ್ನು ಚೆನ್ನಾಗಿತ್ತು. ಇಷ್ಟು ಒಳ್ಳೆಯ ಬನ್ನು ಮಾಡುವ ಹೆಂಗಸು ಮೋಸ ಮಾಡುವುದು ಅವಳ ಮನಸ್ಸಿಗೆ ಹೊಂದುತ್ತಿರಲಿಲ್ಲ. ಎರಡನೇ ಲೋಟ ಮುಗಿದ ಮೇಲೆ ಅವಳಿಂದ ತಡೆಯಲಾಗಲಿಲ್ಲ.

"ವೈರು ಚುಚ್ಚಬೇಡಿ ಅಂತ ಹೇಳಿದ್ದೆನಲ್ಲ. ಯಾಕೆ ಚುಚ್ಚಿದ್ರಿ?"

ಲೆಂಪಿ ಲೋಟ ಕೆಳಗಿಟ್ಟು ಅವಳನ್ನೇ ನೋಡಿದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಮೂವತ್ತೊಂದು ಇತ್ತಲ್ಲ ಮಾರಾಯ್ತಿ," ಅಂದಳು.

ಇಲ್ಮಿ ಅಣ್ಣನ ಪಾಠವನ್ನೆಲ್ಲ ಒಪ್ಪಿಸಿದಳು. ಕೇಳುತ್ತಾ ಕೇಳುತ್ತಾ ಲೆಂಪಿಯ ಮುಖ ಮೊದಲು ಗಂಟಿಕ್ಕಿತು, ಆಮೇಲೆ ಅಲುಗಾಡತೊಡಗಿತು. ನಗುತ್ತಿದ್ದಳು, ಸದ್ದಿಲ್ಲದೆ, ಕತ್ತು ತಿರುಗದ್ದರಿಂದ ಭುಜಗಳೆರಡೂ ಕುಣಿಯುತ್ತಿದ್ದವು. ನಿನ್ನೆ ರಾತ್ರಿ ನೀನು ಹೇಳಿದಂತೆಯೇ ಬಿಟ್ಟಿದ್ದೆ, ಅಂದಳು. ನಿದ್ದೆ ಬರಲಿಲ್ಲವಂತೆ. ಏಳು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿ, ಆ ಹುಡುಗಿ ದಕ್ಷಿಣದವಳು, ಪಾಪ ಗೊತ್ತಿಲ್ಲದೆ ಹೇಳಿದ್ದಾಳೆ ಅಂದುಕೊಂಡು ಚುಚ್ಚಿ ಬಂದಳಂತೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಗುರುತಿಲ್ಲದವರ ಜೊತೆ ಫೋನಿನಲ್ಲಿ ವಾದಕ್ಕೆ ನಿಲ್ಲುವುದು ಹೇಗೆ? ಹದಿನಾಲ್ಕು ಚಳಿಗಾಲ ಆ ಕಾರಿಗಾಗಿ ಬೆಳಗಾಗುವ ಮೊದಲೇ ಎದ್ದು ವೈರು ಚುಚ್ಚಿದ್ದಾಳೆ. ಪೇಟೆಯ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಾಗಲೂ ಅಷ್ಟೇ, ನಿವೃತ್ತಿಯಾದ ಮೇಲೂ ಅಷ್ಟೇ. ಕತ್ತು ತಿರುಗದವರಿಗೆ ಲೈಸೆನ್ಸ್ ಇಲ್ಲ ಅಂತ ಸೆಪ್ಟೆಂಬರಿನಲ್ಲಿ ಡಾಕ್ಟರು ಹೇಳಿದ ಮೇಲೆ, ಎಲ್ಲಿಗೂ ಹೋಗುವುದಿಲ್ಲದಿದ್ದರೂ, ವಾರಕ್ಕೊಮ್ಮೆ ಬಿಸಿ ಮಾಡಿ, ಎಂಜಿನ್ ಎಬ್ಬಿಸಿ, ಅಂಗಳದಲ್ಲೇ ಹಿಂದೆ ಮುಂದೆ ಓಡಿಸಿ ನಿಲ್ಲಿಸುತ್ತಾಳೆ.

"ತಣ್ಣಗೆ ಕಲ್ಲಾದ ಎಂಜಿನ್‌ಗೆ ಒಂದು ಸಲ ಕೀ ತಿರುಗಿಸಿದ್ರೆ, ಅದರ ಆಯುಸ್ಸಲ್ಲಿ ಒಂದು ತಿಂಗಳು ಹೋಯ್ತು ಅಂತ ಲೆಕ್ಕ," ಅಂದಳು. "ನಿನ್ನ ಪೇಟೆ ಕಾರು ಎಲ್ಲಿಂದ ಬಂದದ್ದು?"

ಹೆಲ್ಸಿಂಕಿಯ ಕಡೆಯದು ಅಂದಳು ಇಲ್ಮಿ. ಅಡಿಭಾಗಕ್ಕೆ ಹೊಸ ಲೇಪ ಬಳಿದಿರುವುದನ್ನೂ ಹೇಳಿದಳು.

"ಅಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರೀತಾರೆ. ಹತ್ತು ವರ್ಷ ಉಪ್ಪಲ್ಲಿ ನೆನೆದಿದೆ. ನಾವು ಮೀನನ್ನ ಹಾಗೆ ಇಡ್ತೀವಿ, ಕಾರನ್ನಲ್ಲ." ಇನ್ನೊಬ್ಬರ ಸರಕನ್ನು ಹಳಿದೆನಲ್ಲ ಅಂತ ಅವಳಿಗೇ ಮುಜುಗರವಾಯಿತೇನೋ, ಬನ್ನಿನ ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿದಳು. "ಕೆಳಗೆ ಚೆನ್ನಾಗಿದ್ರೂ ಇರಬಹುದು. ಬಳಿದ ಮೇಲೆ ತುಕ್ಕು ಯಾರಿಗೆ ಕಾಣುತ್ತೆ."

ಇಲ್ಲಿನ ರಸ್ತೆಗೆ ಚಳಿಗಾಲದಲ್ಲಿ ಸುರಿಯುವುದು ಜಲ್ಲಿಪುಡಿ. ಅದಕ್ಕೇ ಇಲ್ಲಿನ ಕಾರುಗಳ ಗಾಜಿಗೆ ನಕ್ಷತ್ರ, ಅಡಿಭಾಗ ಮಾತ್ರ ಗಟ್ಟಿ. ಇದೆಲ್ಲ ಇಲ್ಮಿಗೆ ಅರ್ಥವಾಯಿತು, ಆದರೂ ಒಳಗೊಂದು ಮುಳ್ಳು ಉಳಿದೇ ಇತ್ತು. ಹೇಳಿದ್ದೆಲ್ಲ ಬಾಯಿಮಾತು. ಸೋಮವಾರ ನಡುದಾರಿಯಲ್ಲಿ ನಿಂತರೆ ಬಾಯಿಮಾತಿನಿಂದ ಎಂಜಿನ್ ಏಳುವುದಿಲ್ಲ. ಲೆಂಪಿ ಅವಳ ಮುಖ ಓದಿದಳು. ಎದ್ದು ಕೋಟು ಹಾಕಿಕೊಂಡಳು.

"ಈಗಲೇ ವೈರು ಕೀಳ್ತೀನಿ. ಎರಡು ಗಂಟೆ ಹೊತ್ತಿಗೆ ಕಲ್ಲಾಗಿರುತ್ತೆ. ನೀನೇ ಕೀ ತಿರುಗಿಸಿ ನೋಡು, ಹಿಡಿಯುತ್ತೆ. ಆದ್ರೆ ಆಮೇಲೆ ಕಾರು ನಿನಗೆ ಕೊಡಲ್ಲ."

"ಹಿಡಿದ ಮೇಲೂ ಯಾಕೆ ಕೊಡಲ್ಲ?"

"ಈ ಚಳೀಲಿ ತಣ್ಣನೆ ಎಂಜಿನ್‌ಗೆ ಕೀ ತಿರುಗಿಸೋಳಿಗೆ ನನ್ನ ಕಾರು ಯಾಕೆ ಕೊಡ್ಲಿ?"

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಬನ್ನಿಗೆ ಎಷ್ಟು ಸಕ್ಕರೆ ಅನ್ನುವಷ್ಟು ಸಮಾಧಾನವಾಗಿ ಹೇಳಿದಳು. ಪರೀಕ್ಷೆ ಬೇಕೋ ಕಾರು ಬೇಕೋ, ಎರಡೂ ಸಿಗುವುದಿಲ್ಲ.

ಇಲ್ಮಿ ಅಣ್ಣನಿಗೆ ಫೋನ್ ಮಾಡಿದಳು. ಓಸ್ಕು ಗ್ಯಾರೇಜಿನ ಗದ್ದಲದಲ್ಲಿ ಕೂಗಾಡಿದ. ಮಾರುವವರು ಹೀಗೆಲ್ಲ ಕಥೆ ಕಟ್ಟುತ್ತಾರೆ, ಅಜ್ಜಿಯರು ಎಲ್ಲರಿಗಿಂತ ಪಾಕಡಾಗಳು, ಸುಮ್ಮನೆ ಪೇಟೆಗೆ ಹೋಗಿ ಬೂದು ಕಾರು ತಗೋ ಅಂದ. ಲೆಂಪಿ ಒಲೆಗೆ ಸೌದೆ ಹಾಕುತ್ತಾ ಎಲ್ಲ ಕೇಳಿಸಿಕೊಂಡಳು, ಪಾಕಡಾ ಅನ್ನುವ ಮಾತಿಗೆ ಅವಳ ಭುಜ ಮತ್ತೆ ಕುಣಿಯಿತು.

ಇಲ್ಮಿ ಫೋನ್ ಇಟ್ಟು ತನ್ನ ಕೈಗಳನ್ನು ನೋಡಿಕೊಂಡಳು. ನೋಡಿದಾಗಲೇ ಗಮನಕ್ಕೆ ಬಂತು, ಅವು ಅವಳಿಗೆ ಗೊತ್ತಿಲ್ಲದೆಯೇ ಒಂದನ್ನೊಂದು ಉಜ್ಜುತ್ತಿದ್ದವು. ಹಳ್ಳಿಯ ಯಾವ ಮನೆಗೆ ಹೋದರೂ ಹಾಸಿಗೆಯ ಹತ್ತಿರ ಹೋಗುವ ಮೊದಲು ಅವಳು ಒಲೆಯ ಮುಂದೆ ನಿಂತು ಹೀಗೇ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಳು. ತಣ್ಣನೆ ಕೈಯಿಂದ ಮುದಿ ಮೈ ಮುಟ್ಟಿದರೆ ಅದು ಹೇಗೆ ಬೆಚ್ಚಿಬೀಳುತ್ತದೆ ಅಂತ ಅವಳಿಗೆ ಗೊತ್ತು. ಯಾರಾದರೂ ಬಂದು, ಹಾಗೆ ಕೈ ಬಿಸಿ ಮಾಡಿಕೊಳ್ಳುವವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಅಂದರೆ? ತಣ್ಣನೆ ಕೈಯಿಂದಲೇ ಮುಟ್ಟಿ ತೋರಿಸು ನೋಡೋಣ ಅಂದರೆ? ಅವಳೂ ಪ್ರಾಯಶಃ ವಾದ ಮಾಡುತ್ತಿರಲಿಲ್ಲ. ಸುಮ್ಮನೆ ಕೈ ಉಜ್ಜಿಕೊಳ್ಳುತ್ತಿದ್ದಳು.

ಲೆಂಪಿಯ ಕೈ ಬಾಗಿಲ ಚಿಲಕದ ಮೇಲಿತ್ತು.

"ಕೀಳಬೇಡಿ," ಅಂದಳು ಇಲ್ಮಿ. "ಹಾಗೇ ಇರ್ಲಿ. ನಾನು ತಗೋತೀನಿ."

ಲೆಂಪಿ ಕೋಟು ಬಿಚ್ಚಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಮೂರನೇ ಲೋಟ ಕಾಫಿ ಸುರಿದಳು. ಬೆಲೆಯ ಬಗ್ಗೆ ಚೌಕಾಸಿ ನಡೆಯಲಿಲ್ಲ, ಕೈ ಕುಲುಕಿದರು, ಅಷ್ಟಕ್ಕೇ ಮಾತು ಗಟ್ಟಿಯಾಯಿತು. ದುಡ್ಡು ಕಳಿಸುವುದನ್ನೂ ಕಾರಿನ ಹಕ್ಕು ಬದಲಾವಣೆಯನ್ನೂ ಇಲ್ಮಿ ಫೋನಿನಲ್ಲೇ ಮುಗಿಸಿದಳು. ಪೇಟೆಯ ಮಾರಾಟಗಾರನಿಗೂ ಒಂದು ಸಾಲು ಕಳಿಸಿದಳು. ಮರುಗಳಿಗೆಯಲ್ಲೇ ಅವನಿಂದ ಆರು ಸಾಲು ಬಂತು. ಓದದೆ ಫೋನನ್ನು ಜೇಬಿಗೆ ಹಾಕಿಕೊಂಡಳು.

ಹೊರಡುವಾಗ, ಪೇಟೆಯಲ್ಲಿ ತನಗೂ ಹಿಟ್ಟು ಬೇಕಾಗಿದೆ, ಸಂಜೆಯ ಬಸ್ಸಿಗೆ ವಾಪಸ್ ಬರುತ್ತೇನೆ ಅಂತ ಲೆಂಪಿಯೂ ಹೊರಟಳು. ರೂಢಿಯಂತೆ ಕಾರಿನ ಎಡಬದಿಗೆ, ಓಡಿಸುವವರ ಕಡೆಗೆ, ಹೋಗಿ ಬಾಗಿಲು ತೆಗೆದವಳು, ಸ್ಟಿಯರಿಂಗ್ ನೋಡಿ ಬೈದುಕೊಂಡು, ಸುತ್ತು ಹಾಕಿ ಬಲಗಡೆ ಬಂದು ಕೂತಳು. ಇಲ್ಮಿ ಕಂಬದಿಂದ ವೈರು ಕಿತ್ತು ಸುತ್ತಿಟ್ಟು, ಕೂತು ಕೀ ತಿರುಗಿಸಿದಳು. ಎಂಜಿನ್ ತಕರಾರಿಲ್ಲದೆ ಎದ್ದಿತು.

ಮೊದಲ ಹತ್ತು ಕಿಲೋಮೀಟರ್ ಲೆಂಪಿ ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿಯುತ್ತಾ ಕೂತಿದ್ದಳು. ತಿರುವಿನಲ್ಲಿ ಒಮ್ಮೆ ಹಿಂದಿನ ಚಕ್ರ ಜಾರಿದಾಗ ಬ್ರೇಕ್ ಮುಟ್ಟಬೇಡ, ಹೋಗಲಿ ಬಿಡು, ತಾನಾಗಿಯೇ ಬರುತ್ತದೆ ಅಂದಳು. ಬಂತು. ಆಮೇಲೆ ಅವಳ ಕಾಲು ಸುಮ್ಮನಾಯಿತು. ಮಧ್ಯಾಹ್ನದ ಸೂರ್ಯ ಪೈನ್ ಕಾಡಿನ ತಲೆಯ ಮೇಲೆ ಒಂದು ಗೇಣು ಎದ್ದು, ಇಷ್ಟು ಸಾಕು ಅನ್ನುವಂತೆ ನಿಂತಿದ್ದ. ಹಿಮವೆಲ್ಲ ನಸುಗೆಂಪು. ಇಬ್ಬರೂ ಮಾತಾಡಲಿಲ್ಲ. ಆ ಮೌನದಲ್ಲಿ ಈಗ ಯಾವ ಮುಳ್ಳೂ ಇರಲಿಲ್ಲ. ಅದಕ್ಕೆ ಕಾಲು ಚಾಚಿ ಕೂರುವಷ್ಟು ಜಾಗವಿತ್ತು.

ಸ್ವಲ್ಪ ಹೊತ್ತಿನ ಮೇಲೆ ಲೆಂಪಿ ಇಡೀ ಮೈಯನ್ನು ಕಿಟಕಿಯ ಕಡೆ ತಿರುಗಿಸಿದಳು. ಹಾಗೇ ಕೂತುಬಿಟ್ಟಳು. ರಸ್ತೆಯಿಂದ ದೂರದಲ್ಲಿ, ಕೆರೆಯ ಆಚೆ, ಹಳದಿ ಬಣ್ಣದ ಹಳೆಯ ಮನೆಯೊಂದರ ಹೊಗೆ ನೆಟ್ಟಗೆ ಮೇಲೇರುತ್ತಿತ್ತು.

"ಇಲ್ಲೊಂದು ಮನೆ ಇತ್ತಾ?" ಅಂದಳು. "ಮೂವತ್ತು ವರ್ಷ ಈ ದಾರೀಲಿ ಓಡಿಸಿದ್ದೀನಿ. ರಸ್ತೆ ಒಂದು ಬಿಟ್ಟು ಏನೂ ನೋಡಿಲ್ಲ ನಾನು."

ಯಾರ ಮನೆ ಅಂತ ಇಲ್ಮಿಗೆ ಗೊತ್ತಿತ್ತು. ಸೋಮವಾರದ ಪಟ್ಟಿಯಲ್ಲಿ ಎರಡನೇ ಹೆಸರು ಅದೇ, ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಬೇಕಾದ ಮುದುಕ. ಆದರೆ ಅದನ್ನೆಲ್ಲ ಹೊರಗೆ ಹೇಳುವಂತಿಲ್ಲ. ಅವಳು ವೇಗ ಸ್ವಲ್ಪ ಕಡಿಮೆ ಮಾಡಿದಳು, ಲೆಂಪಿ ಸಾವಕಾಶವಾಗಿ ನೋಡಲಿ ಅಂತ.