ದಾನೇಶ್ವರಿಯ ಹೊಟ್ಟೆ ಇಳಿದದ್ದು

ಮನಗೂಳಿಯ ದಾನೇಶ್ವರಿಗೆ ಚರ್ಮ ಬಿಗಿಯುವ ರೋಗ. ಸ್ಕ್ಲೀರೋಡರ್ಮಾ ಎಂದು ವಿಜಯಪುರದ ಡಾಕ್ಟರು ಹೆಸರು ಹೇಳಿದ್ದರು. ಬೆರಳು ಮಡಚುತ್ತಿರಲಿಲ್ಲ, ರೊಟ್ಟಿಯ ತುತ್ತಿಗೆ ಬಾಯಿ ತೆರೆಯುತ್ತಿರಲಿಲ್ಲ. ಒಳಗೆ ಕರುಳೂ ಬಿಗಿದು, ಉಂಡದ್ದು ಮುಂದೆ ಸರಿಯದೆ ಹೊಟ್ಟೆ ಉಬ್ಬತೊಡಗಿತು. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಿರಲಿಲ್ಲ. ಸೊರಗಿದ ಮೈಯಲ್ಲಿ ಹೊಟ್ಟೆಯೊಂದೇ ಎದ್ದು ಕಂಡಾಗ ಓಣಿಯ ಹೆಂಗಸರು ಬೇರೆಯೇ ಅರ್ಥ ಮಾಡಿಕೊಂಡರು.

ಅತ್ತೆ ಸಿದ್ದಲಿಂಗವ್ವ ನಂಬಿಯೇಬಿಟ್ಟಳು. ಸಿಂದಗಿಯಲ್ಲಿ ಮಗಳ ಮಗಳ ಮದುವೆಗೆ ಹೋದಾಗ ಎಲ್ಲರೆದುರು ಸೊಸೆಯ ಉಡಿ ತುಂಬಿ ಕಣ್ಣೊರೆಸಿಕೊಂಡಳು.

"ಅತ್ತಿ, ಇದು ಕೂಸಲ್ರಿ. ಹೊಟ್ಟ್ಯಾಗ ಗಾಳಿ ತುಂಬೈತಿ," ಎಂದಳು ದಾನೇಶ್ವರಿ ಮೆಲ್ಲಗೆ.

"ಹಂಗ ಅನಬ್ಯಾಡ ಯವ್ವಾ, ದೃಷ್ಟಿ ಆದೀತು."

ಗಂಡ ಸಂಗಮೇಶನಿಗೆ ನಿಜ ಗೊತ್ತಿತ್ತು. "ನೀವರ ಹೇಳ್ರಿ" ಎಂದರೆ, "ಅವ್ವ ಈಗೀಗ ನಗಾಕತ್ತಾಳ. ಸ್ವಲ್ಪ ದಿನ ತಡಿ," ಎಂದು ಹೊಲಕ್ಕೆ ನಡೆದ.

ಮರುಸಲ ವಿಜಯಪುರಕ್ಕೆ ಹೋದಾಗ ಡಾಕ್ಟರು ಪ್ರೋಬಯಾಟಿಕ್ ಕ್ಯಾಪ್ಸೂಲ್ ಬರೆದುಕೊಟ್ಟರು. "ಹೊಟ್ಟ್ಯಾಗ ಛಲೋ ಕ್ರಿಮಿ ಬೆಳಸ್ತಾವ. ಕೆಲವ್ರಿಗೆ ಉಬ್ಬರ ಇಳೀತೈತಿ, ಕೆಲವ್ರಿಗೆ ಇಲ್ಲ. ಚರ್ಮ ಮಾತ್ರ ಇದ್ರಿಂದ ಮೆತ್ತಗಾಗೂದಿಲ್ಲ," ಎಂದರು.

ಬಸುರಿಗೆ ಶಕ್ತಿಯ ಗುಳಿಗೆ ಎಂದುಕೊಂಡು ಅತ್ತೆಯೇ ಹೊತ್ತಿಗೆ ಸರಿಯಾಗಿ ನೀರು ತಂದುಕೊಡುತ್ತಿದ್ದಳು.

ದಾನೇಶ್ವರಿಗೆ ಅವು ಒಗ್ಗಿದವು. ನುಚ್ಚು ಮಜ್ಜಿಗೆ ಉಂಡು ನೋವಿಲ್ಲದೆ ಮಲಗುವಂತಾಯಿತು. ಆದರೆ ಹೊಟ್ಟೆ ಇಳಿದಂತೆಲ್ಲ ಅತ್ತೆಗೆ ಏನು ಹೇಳುವುದೆಂದು ಅವಳಿಗೆ ಚಿಂತೆ ಹತ್ತಿತು. ಸೆರಗನ್ನು ದಪ್ಪಗೆ ಹೊದ್ದು ತಿರುಗಿದಳು. ಒಂದು ಮುಂಜಾನೆ ಸೀರೆ ಉಡುವಾಗ ಸಿದ್ದಲಿಂಗವ್ವ ಒಳಗೆ ಬಂದಳು, ಹೊಟ್ಟೆ ನೋಡಿದಳು, ಹಾಗೇ ಕುಸಿದು ಬೊಬ್ಬೆ ಹಾಕಿದಳು.

ಓಣಿಯೆಲ್ಲ ನೆರೆಯಿತು.

"ಏನೂ ಹೋಗಿಲ್ರಿ. ಮದ್ಲ ಇರಲೇ ಇಲ್ಲ," ಎಂದಳು ದಾನೇಶ್ವರಿ.

ಬಿಗಿದ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ದುಃಖಕ್ಕೆ ಕಲ್ಲಾಗಿದ್ದಾಳೆ ಎಂದುಕೊಂಡ ಹೆಂಗಸರು ಅವಳ ತಲೆ ಸವರಿದರು. "ಅಳವ್ವಾ, ಒಳಗ ಇಟ್ಕೋಬ್ಯಾಡ."

ಅವಳು ಬಾಗಿಲಲ್ಲಿ ನಿಂತಿದ್ದ ಗಂಡನತ್ತ ನೋಡಿದಳು. "ಈಗರ ಹೇಳ್ರಿ."

ಸಂಗಮೇಶ ಅತ್ತು ಹೊರಳಾಡುತ್ತಿದ್ದ ತಾಯಿಯನ್ನು ನೋಡಿದ. ತಲೆ ತಗ್ಗಿಸಿದ. ಅದನ್ನೂ ಹೆಂಗಸರು ದುಃಖವೆಂದೇ ತಿಳಿದರು.

"ಈ ಗುಳಿಗೀನ ನನ್ನ ಕೂಸನ್ನ ತಿಂದ್ವು," ಎಂದು ಸಿದ್ದಲಿಂಗವ್ವ ಕ್ಯಾಪ್ಸೂಲುಗಳನ್ನು ಒಲೆಗೆ ಸುರಿದಳು. ಆಮೇಲೆ ತುಪ್ಪ, ಒಣಕೊಬ್ಬರಿ ಹಾಕಿ ಬಾಣಂತಿಯರಿಗೆ ಕೊಡುವ ಅಂಟಿನುಂಡಿ ಕಟ್ಟಿದಳು. ಸೊಸೆಯ ಬಾಯಿಗೆ ಹಿಡಿಸುವಷ್ಟು ಸಣ್ಣಗೆ ಮುರಿದು, ತಾನೇ ತಿನ್ನಿಸತೊಡಗಿದಳು.

ಸಂಜೆಯೊಳಗೆ ಹೊಟ್ಟೆ ಮತ್ತೆ ಏಳುವುದು ದಾನೇಶ್ವರಿಗೆ ಗೊತ್ತಿತ್ತು. ಅತ್ತೆ ಕಣ್ಣೊರೆಸಿಕೊಂಡು ಇನ್ನೊಂದು ಚೂರು ಬಾಯಿಗಿಟ್ಟಳು. ಅವಳು ನುಂಗಿದಳು.