ಬಾಯಿಯವರ ಅಭಿಪ್ರಾಯ

ಹೆತ್ತದ್ದೇ ತಪ್ಪು ಎಂಬಂತೆ ಅಕ್ಕಲಕೋಟದ ಕನ್ನಡ ಶಾಲೆಯ ಶಿಕ್ಷಕಿ ಕೆಲಸದಿಂದ ನನ್ನನ್ನು ಬಿಡಿಸಿ ಐದು ತಿಂಗಳಾಗಿತ್ತು. 1957ರ ದೀಪಾವಳಿ ರಜೆಯಲ್ಲಿ ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷ ಮಲ್ಲಿಕಾರ್ಜುನ ಸಾಹೇಬರು ಸೊಲ್ಲಾಪುರಕ್ಕೆ ಕರೆಸಿದರು. ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ಸಿಟ್ಟೂ ಇತ್ತು, ಆಸೆಯೂ ಇತ್ತು.

ಅವರ ಕೋಣೆಯಲ್ಲಿ ಕುರ್ಚಿ ಒಂದೇ, ಅವರದು. ಮೇಜಿನ ಮೇಲೆ ಪರದೇಶದ ಯಾವುದೋ ಶಿಕ್ಷಣ ಮಂಡಳಿ ತುಂಬಿ ಕೊಡಲು ಕಳಿಸಿದ ಪತ್ರಕ, ಎರಡು ಪ್ರತಿ. ನಿಮ್ಮಲ್ಲಿ ಆಡಳಿತದವರೂ ಶಿಕ್ಷಕರೂ ಕೂತು ಮಾತಾಡುತ್ತಾರೆಯೇ ಎಂಬುದು ಪ್ರಶ್ನೆ. ಗುಮಾಸ್ತ ನಾಗೇಶ ಆಗಲೇ "ಹೌದು" ಎಂದು ತುಂಬಿದ್ದ. ಕೆಳಗೆ ಶಿಕ್ಷಕಿಯೊಬ್ಬಳ ಅಭಿಪ್ರಾಯ ಅವಳ ಭಾಷೆಯಲ್ಲೇ ಬೇಕಿತ್ತು. ಸಂಸ್ಥೆ ಕಂಡ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ 'ಬಾಯಿ', ನಾನೊಬ್ಬಳೇ.

"ಎಲ್ಲಾ ಛಲೋ ಅದ ಅಂತ ಬರದು ಸಹಿ ಮಾಡ್ರಿ, ಬಾಯಿ."

"ನೌಕರಿ ತಿರುಗಿ ಕೊಡ್ತೀರೇನ್ರಿ?"

"ಸೋಮವಾರದಿಂದ ಬರ್ರಿ."

"ಹಂಗಂತ ಲೇಖಿ ಬರದು ಕೊಡ್ರಿ."

"ನನ್ನ ಮಾತಿಗಿ ಕಿಮ್ಮತ್ತಿಲ್ಲೇನು? ಏನ್ ಸೊಕ್ಕು!"

ಕೊಟ್ಟ ಮಾತು ಮರೆಯುವುದರಲ್ಲಿ ಸಾಹೇಬರದು ಎತ್ತಿದ ಕೈ. ಆದರೆ ನನಗೆ ಇನ್ನೊಂದೂ ಗೊತ್ತಿತ್ತು. ಕನ್ನಡ ಶಾಲೆಯ ಅಧ್ಯಕ್ಷರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಕಲಿತದ್ದೆಲ್ಲ ಮರಾಠಿಯಲ್ಲಿ. ಪ್ರಾಣ ಹೋದರೂ ಅದನ್ನು ಒಪ್ಪುವವರಲ್ಲ.

ಎರಡೂ ಪ್ರತಿಯಲ್ಲಿ ಬರೆದೆ: "ಹೆರಿಗೆಗೆಂದು ಬಿಡಿಸಿದ ನೀಲಗಂಗಾ ಎಂಬ ನನ್ನನ್ನು ಸೋಮವಾರದಿಂದ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಅಧ್ಯಕ್ಷರು ಒಪ್ಪಿದ್ದಾರೆ."

ಸಾಹೇಬರು ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಾಡಿಸಿ, "ಛಲೋ ಬರದೀರಿ" ಎಂದು ಎರಡರ ಕೆಳಗೂ ಅಧ್ಯಕ್ಷರ ಸಹಿ ಹಾಕಿದರು. ನಾಗೇಶ ಓದಿದ. ನನ್ನ ಮುಖ ನೋಡಿದ. ಒಂದು ಪ್ರತಿಯನ್ನು ಲಕೋಟೆಗೆ ಹಾಕಿ ಅಂಟಿಸಿ, ಇನ್ನೊಂದನ್ನು ಕಡತಕ್ಕೆ ಸೇರಿಸಿದ.

ಸೋಮವಾರ ಹೆಡ್ಮಾಸ್ತರರು ನನ್ನನ್ನು ಶಾಲೆಯ ಒಳಗೇ ಬಿಡಲಿಲ್ಲ. ಮತ್ತೆ ಸೊಲ್ಲಾಪುರಕ್ಕೆ ಹೋದೆ.

"ಯಾವ ನೌಕರಿ? ನಾ ಯಾವಾಗ ಕಬೂಲ ಮಾಡೀನಿ?" ಎಂದರು ಸಾಹೇಬರು.

"ನಿಮ್ಮ ಸಹಿ ಅದರಿ. ಕಡತದಾಗ ಓದ್ಕೋರಿ."

ನಾಗೇಶ ಹಾಳೆ ತಂದು ಮುಂದಿಟ್ಟ. ಸಾಹೇಬರು ದಿಟ್ಟಿಸಿದರು. ಮೋರೆ ಕೆಂಪಾಯಿತು. ನನಗೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

"ನೀನ ಓದೋ" ಎಂದರು ಕೊನೆಗೆ.

ನಾಗೇಶ ಓದಿದ, ತಾರೀಖನ್ನೂ ಬಿಡದೆ. "ಇನ್ನೊಂದು ಪರದೇಶಕ್ಕ ಹೋಗ್ಯದರಿ" ಎಂದ.

ಸಾಹೇಬರು ನನ್ನತ್ತ ನೋಡದೆ ಒಂದು ಖಾಲಿ ಹಾಳೆಯನ್ನು ಅವನ ಕಡೆ ನೂಕಿದರು.

"ಈಕಿ ನೌಕರಿ ಆರ್ಡರ್ ಬರಿ. ಮರಾಠಿಯೊಳಗ ಬರಿ. ಈ ಸಲ ಓದಿ ಸಹಿ ಮಾಡ್ತೀನಿ."